ಅಂಗೈಯ ಜಡ್ಡು, ಕೆನ್ನೆಯ ಜಡ್ಡು

ಕಳೆದ ಹುತ್ತರಿಯ ಮಾರನೆಯ ದಿನ ಊಟಕ್ಕೆ ಬಂದ ಸೋದರಮಾವ ಹಂದಿ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಕೊಡಗಿನ ನಮ್ಮ ಚೇರಂಬಾಣೆ ಕಡೆಯವರಿಗೆ ಏನೋ ಕೆಟ್ಟಿದೆ ಎಂದು ತಿಳಿಯಲು ಇಷ್ಟು ಸಾಕು. ಮಾವನಿಗೆ ಈಗ 71. ಕಾಚಂಪುಳಿ ಎಂಬ ಕಪ್ಪು ಹುಳಿ ಬಿದ್ದ ಹಂದಿ ಸಾರನ್ನು ಜ್ವರ ಬಂದಾಗಲೂ ಬಿಟ್ಟವರಲ್ಲ.

“ಖಾರ ಹೆಚ್ಚಾಯಿತಾ ಮಾವ?”

“ಖಾರ ಸರಿಯಾಗಿದೆ. ಬಾಯಿ ಸ್ವಲ್ಪ ಉರಿಯುತ್ತದೆ, ಅಷ್ಟೆ. ಮಾತ್ರೆ ತಿನ್ನುತ್ತಿದ್ದೇನೆ.”

ಯಾವ ಮಾತ್ರೆ ಎಂದು ನೋಡಿದರೆ ಬಿ ಕಾಂಪ್ಲೆಕ್ಸ್. ಔಷಧ ಅಂಗಡಿಯವರು ಕೊಟ್ಟದ್ದು, ಜೊತೆಗೆ ಹಚ್ಚಲು ಒಂದು ಮುಲಾಮು. ಮೂರು ತಿಂಗಳಿಂದ ಇದೇ ನಡೆದಿದೆ. ಕೈ ತೊಳೆದ ಮೇಲೆ ಜಗಲಿಯಲ್ಲಿ ಕೂರಿಸಿ, ಮೊಬೈಲ್ ಬೆಳಕು ಬಿಟ್ಟು ಬಾಯಿ ತೆರೆಸಿದೆ. ಎಡಗೆನ್ನೆಯ ಒಳಗೋಡೆಯಲ್ಲಿ, ನಲವತ್ತು ವರ್ಷಗಳಿಂದ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಉಂಡೆ ಕೂರುವ ಜಾಗದಲ್ಲೇ, ಎರಡು ಬೆರಳಗಲದ ಬಿಳಿ ಮಚ್ಚೆ. ಶುಭ್ರವಾದ ಬಟ್ಟೆಯಿಂದ ಒರೆಸಿ ನೋಡಿದೆ. ಬೂಷ್ಟಿನ ಜಾತಿಯ ಸೋಂಕಾಗಿದ್ದರೆ ಸಾಮಾನ್ಯವಾಗಿ ಹಾಲಿನ ಕೆನೆಯಂತೆ ಕಿತ್ತು ಬರುತ್ತದೆ. ಇದು ಬರಲಿಲ್ಲ. ಇದು ಗೋಡೆಗೇ ಸೇರಿದ್ದು.

ಕಾಯಿಲೆಯ ಹೆಸರು ಹೇಳುವ ಅಧಿಕಾರ ನನಗಿಲ್ಲ. ಮೈಸೂರಿನ ಒಂದು ಪೆಥಾಲಜಿ ಪ್ರಯೋಗಾಲಯದಲ್ಲಿ 26 ವರ್ಷ ತಂತ್ರಜ್ಞೆಯಾಗಿದ್ದೆ. ವೈದ್ಯರು ಕೊಯ್ದು ಕಳಿಸಿದ ಚೂರನ್ನು ಫಾರ್ಮಾಲಿನ್‌ನಲ್ಲಿ ನೆನೆಸಿ, ಆಲ್ಕೊಹಾಲಿನಲ್ಲಿ ಅದರ ನೀರು ಬಿಡಿಸಿ, 60 ಡಿಗ್ರಿ ಆಸುಪಾಸಿನ ಕಾದ ಮೇಣದಲ್ಲಿ ಅದ್ದಿ, ಆರಿ ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಯಂತ್ರದಲ್ಲಿ 4 ಮೈಕ್ರಾನ್ ದಪ್ಪಕ್ಕೆ ಹೆರೆಯುವುದು ನನ್ನ ಕೆಲಸವಾಗಿತ್ತು. ತಲೆಗೂದಲೇ 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ. ಆ ಹೆರೆತವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಸುಕ್ಕು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತಿಕೊಂಡು ಬಣ್ಣ ಹಾಕಬೇಕು. ವರದಿ ಬರೆಯುವವರು ಬೇರೆ. ಆದರೆ ಇಷ್ಟು ವರ್ಷ ಅಡುಗೆ ಮಾಡಿದವಳಿಗೆ ರುಚಿ ತಿಳಿಯದೇ ಇರುತ್ತದೆಯೇ?

ಅಲ್ಲಿ ಬಾಗಲಕೋಟೆ ಕಡೆಯ ಸಹೋದ್ಯೋಗಿಯೊಬ್ಬಳಿದ್ದಳು. ಒಮ್ಮೆ “ಅಪ್ಪನಿಗೆ ಜಡ್ಡಾಗಿದೆ” ಎಂದು ರಜೆ ಕೇಳಿದಾಗ ನಾನು “ಕೈಗಾ, ಕಾಲಿಗಾ?” ಎಂದು ವಿಚಾರಿಸಿ ಬೈಸಿಕೊಂಡಿದ್ದೆ. ನಮಗೆ ಜಡ್ಡು ಎಂದರೆ ಕೆಲಸ ಮಾಡಿ ಗಟ್ಟಿಯಾದ ಚರ್ಮ. ಅವಳಿಗೆ ಜಡ್ಡು ಎಂದರೆ ಕಾಯಿಲೆ. ಮಾವನ ಬಾಯಿಯೊಳಗೆ ಬೆಳಕು ಬಿಟ್ಟು ಕೂತಾಗ ಆ ಹಳೆಯ ಬೈಗುಳ ನೆನಪಾಯಿತು.

ಮಾವನ ಅಂಗೈ ನನಗೆ ಚಿಕ್ಕಂದಿನಿಂದ ಪರಿಚಯ. ನೆರಳುಮರಗಳ ಕೊಂಬೆ ಸವರಿ ಮರಗಸಿ ಮಾಡುವ ಕತ್ತಿ, ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ, ಕಾಫಿ ಮೂಟೆಯ ಹಗ್ಗ ಎಲ್ಲ ಸೇರಿ ಅದನ್ನು ಎಷ್ಟು ಗಟ್ಟಿ ಮಾಡಿದ್ದವೆಂದರೆ ಅವರು ತಲೆ ಸವರಿದರೆ ನನ್ನ ಕೂದಲು ಅಂಗೈಗೆ ಸಿಕ್ಕಿಕೊಳ್ಳುತ್ತಿತ್ತು. ಅದು ಹೀಗಾಗುತ್ತದೆ: ಚರ್ಮದ ತಳದ ಸಾಲಿನಲ್ಲಿ ಕೋಶಗಳು ಒಂದು ಎರಡಾಗುತ್ತಲೇ ಇರುತ್ತವೆ. ಹೊಸದು ಹುಟ್ಟಿದಂತೆ ಹಳೆಯದು ಮೇಲಕ್ಕೆ ಸರಿಯುತ್ತದೆ, ಚಪ್ಪಟೆಯಾಗುತ್ತದೆ, ಕೆರಾಟಿನ್ ಎಂಬ ಪ್ರೋಟೀನನ್ನು ಮೈತುಂಬ ತುಂಬಿಕೊಳ್ಳುತ್ತದೆ, ಕೊನೆಗೆ ತನ್ನ ನ್ಯೂಕ್ಲಿಯಸ್ಸನ್ನೂ ಕಳೆದುಕೊಂಡು ಸತ್ತ ಹಂಚಾಗಿ ಮೇಲೆ ಕೂರುತ್ತದೆ. ಉಗುರು, ಕೂದಲು, ಎಮ್ಮೆಯ ಕೊಂಬಿನ ಹೊರಕವಚ ಎಲ್ಲವೂ ಕೆರಾಟಿನ್ನೇ. ತಳದಿಂದ ಹೊರಟ ಕೋಶ ಉದುರುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಉಜ್ಜಾಟ ಹೆಚ್ಚಾದರೆ ತಳದ ಸಾಲು ಅವಸರ ಮಾಡುತ್ತದೆ, ಹಂಚು ದಪ್ಪವಾಗುತ್ತದೆ.

ಕೆನ್ನೆಯ ಒಳಗೋಡೆಗೆ ಈ ಹಂಚು ಇಲ್ಲ. ಅಲ್ಲಿಯ ಕೋಶಗಳು ಮೇಲಿನ ಸಾಲಿನವರೆಗೂ ಮೆತ್ತಗೆ, ಒದ್ದೆಯಾಗಿ, ನ್ಯೂಕ್ಲಿಯಸ್ ಸಮೇತ ಬರುತ್ತವೆ. ಶಾಲೆಯಲ್ಲಿ ಹಲ್ಲುಕಡ್ಡಿಯಿಂದ ಕೆನ್ನೆ ಕೆರೆದು ಮಿಥಿಲೀನ್ ಬ್ಲೂ ಹನಿ ಹಾಕಿ ನೋಡಿದವರಿಗೆ ಪ್ರತಿ ಕೋಶದ ನಡುವಿನ ಆ ನೀಲಿ ಚುಕ್ಕೆ ನೆನಪಿರಬಹುದು.

ಹಾಗಾದರೆ ಮಾವನ ಕೆನ್ನೆಗೆ ಹಂಚು ಹೊದಿಸುವ ವಿದ್ಯೆ ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ, ಮೊದಲಿನಿಂದಲೂ ಅಲ್ಲೇ ಇತ್ತು. ನಾವೆಲ್ಲ ಒಂದೇ ಒಂದು ಕೋಶದಿಂದ ಆದವರು. ಆ ಮೊದಲ ಕೋಶದಲ್ಲಿದ್ದ ಡಿಎನ್‌ಎಯ ಪೂರ್ಣ ಪ್ರತಿ ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಕೋಶದಲ್ಲಿಯೂ ಇರುತ್ತದೆ. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಜಮ್ಮಾ ಜಮೀನಿನ ದಾಖಲೆಗಳ ನಕಲು ಬೇರೆ ಹೋದ ಅಣ್ಣತಮ್ಮಂದಿರೆಲ್ಲರ ಪೆಟ್ಟಿಗೆಯಲ್ಲಿಯೂ ಇದ್ದಂತೆ. (ಕೆಂಪು ರಕ್ತಕಣವೊಂದು ಬೇರೆ. ಅದು ಪೆಟ್ಟಿಗೆಯನ್ನೇ ಎಸೆದು 120 ದಿನ ತಿರುಗಾಡಿ ಸಾಯುವ ಜೋಗಿ.) ಗರ್ಭದಲ್ಲಿ ಮಗು ಬೆಳೆಯುವುದೆಂದರೆ ಯಾವ ಕೋಶ ಯಾವ ಕಡತ ಬಿಚ್ಚಬೇಕು, ಯಾವುದನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಬೇಕು ಎಂಬ ತೀರ್ಮಾನವೇ. ಗಂಟು ಬಿಚ್ಚುವುದೇ ಇಲ್ಲ ಎಂದೇನಿಲ್ಲ.

ಗಿಡಗಳಿಗೆ ಇದು ನೀರು ಕುಡಿದಷ್ಟು ಸುಲಭ. ನೆಲದಲ್ಲಿ ಹರಿದ ಪನ್ನಿಯೂರು ಮೆಣಸಿನ ಬಳ್ಳಿಯನ್ನು ಎರಡು ಮೂರು ಗೆಣ್ಣಿಗೆ ಕತ್ತರಿಸಿ ಪ್ಲಾಸ್ಟಿಕ್ ತೊಟ್ಟೆಯ ಮಣ್ಣಿಗೆ ಚುಚ್ಚಿದರೆ, ನಿನ್ನೆಯವರೆಗೆ ಕಾಂಡವಾಗಿದ್ದುದು ಬೇರು ಬಿಡುತ್ತದೆ. ಪ್ರಾಣಿಯ ಕೋಶದಲ್ಲಿ ಇಂಥದ್ದನ್ನು ಮಾಡಿಸಲು ಜಪಾನಿನ ಶಿನ್ಯಾ ಯಮನಾಕ ಅವರು ಬೇಕಾಯಿತು. 2006ರಲ್ಲಿ ಅವರು ಇಲಿಯ ಸಾಧಾರಣ ಕೋಶಗಳಿಗೆ ನಾಲ್ಕು ಜೀನುಗಳನ್ನು ಸೇರಿಸಿ ಅವನ್ನು ಭ್ರೂಣದ ಕೋಶದಂತಹ ಸ್ಥಿತಿಗೆ ಮರಳಿಸಿದರು, 2012ರಲ್ಲಿ ನೊಬೆಲ್ ಬಂತು. ಮೆಣಸಿನ ಬಳ್ಳಿಯನ್ನು ಯಾರೂ ಕೇಳಲಿಲ್ಲ.

ಮಾವನ ಕೆನ್ನೆಯ ಕೋಶಕ್ಕೆ ಯಮನಾಕ ಬೇಕಾಗಲಿಲ್ಲ. ಸುಣ್ಣ ಸುಟ್ಟಿತು, ಅಡಿಕೆ ಉಜ್ಜಿತು, ಹೊಗೆಸೊಪ್ಪಿನ ರಸ ಒಳಗಿಳಿಯಿತು. ಕೋಶ ತನಗೆ ತಿಳಿದ ಉಪಾಯ ಮಾಡಿತು: ಅಂಗೈಯ ಕಡತವನ್ನು ಬಿಚ್ಚಿ ಹಂಚು ಹೊದಿಸಿಕೊಂಡಿತು. ಅದನ್ನು ನಾನು ತಪ್ಪೆನ್ನಲಾರೆ. ಕೋಶವೊಂದು ಬದುಕಲು ಹೊಂದಿಕೊಂಡ ಬಗೆ ಅದು.

ಈ ‘ಹೊಂದಿಕೊಳ್ಳುವುದು’ ಎಂಬ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಮದುವೆಯಾಗಿ ಹೊರಟಾಗ ಅವ್ವ ಹೇಳಿದ ಒಂದೇ ಮಾತು, “ಹೊಂದಿಕೊಂಡು ಹೋಗು ಮಗಳೇ.” ಅವ್ವ ಸ್ವತಃ ಹಾಗೆಯೇ ಬದುಕಿದವರು, ಅವರ ಹೃದಯವೂ ಹಾಗೆಯೇ. ಹದಿನೈದು ವರ್ಷ ಯಾರಿಗೂ ಹೇಳದೆ ರಕ್ತದೊತ್ತಡ ಹೊತ್ತು ತಿರುಗಿದ್ದರು. ಹೃದಯದ ಎಕೋ ಸ್ಕ್ಯಾನ್ ಮಾಡಿಸಿದಾಗ ಸುಮಾರು 1 ಸೆಂಟಿಮೀಟರ್ ಇರಬೇಕಾದ ಎಡ ಹೃತ್ಕುಕ್ಷಿಯ ಗೋಡೆ ಒಂದೂವರೆ ದಾಟಿತ್ತು. ಹೃದಯದ ಸ್ನಾಯುಕೋಶಗಳು ಚರ್ಮದವುಗಳಂತೆ ಮರಿ ಹಾಕುವುದಿಲ್ಲ. ವರ್ಷಕ್ಕೆ ನೂರರಲ್ಲಿ ಒಂದರಷ್ಟೂ ಹೊಸದಾಗುವುದಿಲ್ಲ. ಹೊರೆ ಹೆಚ್ಚಿದರೆ ಇದ್ದ ಕೋಶಗಳೇ ಒಂದೊಂದೂ ದಪ್ಪವಾಗಬೇಕು. ಆಗುತ್ತವೆ, ಮೊದಮೊದಲು ಒಳ್ಳೆಯ ಕೆಲಸವನ್ನೂ ಮಾಡುತ್ತವೆ. ಆಮೇಲೆ ಆ ದಪ್ಪಕ್ಕೆ ರಕ್ತ ಸಾಲುವುದಿಲ್ಲ, ನಡುನಡುವೆ ನಾರು ಬೆಳೆಯುತ್ತದೆ, ಗೋಡೆ ಸಡಿಲವಾಗಲು ಮರೆಯುತ್ತದೆ. ಅವ್ವ ಹೋಗಿ ಆರು ವರ್ಷವಾಯಿತು.

ಬೀಡಿ ಸೇದುವವರ ಶ್ವಾಸನಾಳದ್ದೂ ಇಂಥದೇ ಕಥೆ. ಕಸವನ್ನು ಮೇಲಕ್ಕೆ ಗುಡಿಸುವ ಸಣ್ಣ ರೋಮಗಳಿದ್ದ ಎತ್ತರದ ಕೋಶಗಳು ಹೋಗಿ ಹೊಗೆ ತಡೆಯುವ ಚಪ್ಪಟೆ ಕೋಶಗಳು ಬರುತ್ತವೆ. ತಡೆದವು ಸರಿ, ಗುಡಿಸುವವರು ಯಾರು? ಅದಕ್ಕೇ ಬೆಳಗಿನ ಆ ಕೆಮ್ಮು.

ಮೈಸೂರಿಗೆ ಹೋಗೋಣ ಎಂದರೆ ಮಾವ ಒಪ್ಪಲಿಲ್ಲ. “ಕಾಫಿ ಕೊಯ್ಲು ಮುಗಿಯಲಿ. ಆಳು ಸಿಗುವುದೇ ಕಷ್ಟ, ಕಣದಲ್ಲಿ ಹಣ್ಣು ಹರಡಿದೆ.” ನಾನು ಅತ್ತೆಯನ್ನು ಹಿಡಿದೆ. ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಮಡಿಕೇರಿಯಿಂದ ಬೆಳಗಿನ ಬಸ್ ಹತ್ತಿದೆವು. ವೈದ್ಯರು ಕೆನ್ನೆಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಹೆಸರುಕಾಳಿನಷ್ಟು ಚೂರು ತೆಗೆದರು. ಅದು ಫಾರ್ಮಾಲಿನ್ ಬಾಟಲಿಯ ತಳಕ್ಕೆ ಇಳಿಯುವುದನ್ನು ಮಾವ ನೋಡುತ್ತಿದ್ದರು. “ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತಾ?”

ನಾಲ್ಕು ದಿನ ಬಿಟ್ಟು ನಾನೊಬ್ಬಳೇ ಹೋದೆ. ಹಳೆಯ ಪರಿಚಯದ ವೈದ್ಯೆ ವರದಿ ಬರೆದು ಮುಗಿಸಿ, “ಬನ್ನಿ, ನೀವೂ ನೋಡಿ” ಎಂದು ಸೂಕ್ಷ್ಮದರ್ಶಕದ ಮುಂದೆ ಕುರ್ಚಿ ಬಿಟ್ಟುಕೊಟ್ಟರು. ಹೆರೆತ ಚೆನ್ನಾಗಿತ್ತು, ಒಂದು ಸುಕ್ಕೂ ಇರಲಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗನ ಕೈ ಪಳಗಿದೆ ಎಂದು ಮೊದಲು ಅನ್ನಿಸಿದ್ದು ಅದೇ. ನ್ಯೂಕ್ಲಿಯಸ್ಸಿಗೆ ನೀಲಿ ಕೊಡುವ ಹಿಮಟಾಕ್ಸಿಲಿನ್ ಬಣ್ಣ ಮಧ್ಯ ಅಮೆರಿಕದ ಒಂದು ಮರದ ಕೆಚ್ಚಿನಿಂದ ಬರುತ್ತದೆ. ನೂರಾರು ಕೃತಕ ಬಣ್ಣಗಳು ಬಂದರೂ ಆ ಮರವನ್ನು ಬಿಡಲು ಆಗಿಲ್ಲ.

ಮೇಲೆ ಗುಲಾಬಿ ಬಣ್ಣದ ದಪ್ಪ ಹಂಚು, ಥೇಟ್ ಅಂಗೈ. ಕಣ್ಣನ್ನು ಕೆಳಗಿಳಿಸಿದೆ. ನಿಜವಾದ ಪ್ರಶ್ನೆ ಇರುವುದು ತಳದಲ್ಲಿ. ಸರಿಯಾದ ಗೋಡೆಯಲ್ಲಿ ತಳದ ಕೋಶಗಳು ನಾಟಿಯ ಗದ್ದೆಯ ಸಾಲಿನಂತೆ ನೆಟ್ಟಗೆ ನಿಂತಿರುತ್ತವೆ. ಇಲ್ಲಿ ಒತ್ತೊತ್ತಾಗಿ, ಒಂದರ ಮೇಲೊಂದು ವಾಲಿ, ನ್ಯೂಕ್ಲಿಯಸ್‌ಗಳು ದೊಡ್ಡದಾಗಿ ಕಪ್ಪಗೆ. ತಳದಲ್ಲಷ್ಟೇ ಒಂದು ಎರಡಾಗಬೇಕಾದ ಕೋಶ ಒಂದು ಸಾಲು ಮೇಲಕ್ಕೆ ಹತ್ತಿ ಅಲ್ಲಿ ಎರಡಾಗುತ್ತಿತ್ತು. ಈ ಗೊಂದಲ ಗೋಡೆಯ ಕೆಳಗಿನ ಮೂರನೇ ಒಂದು ಭಾಗದಲ್ಲೇ ನಿಂತಿದ್ದರೆ ಸೌಮ್ಯ, ನಡುಭಾಗಕ್ಕೆ ಏರಿದರೆ ಮಧ್ಯಮ, ಅದನ್ನೂ ದಾಟಿದರೆ ತೀವ್ರ. ಕೆಳಗಿನ ತಳಪೊರೆಯನ್ನು ಹರಿದು ಒಳಗೆ ನುಗ್ಗಿದರೆ ಅದರ ಹೆಸರೇ ಬೇರೆ, ಕ್ಯಾನ್ಸರ್. ನಾನು ತಳಪೊರೆಯ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಮೂರು ಸಲ ಸರಿಸಿ ನೋಡಿದೆ. ಎಲ್ಲೂ ಹರಿದಿರಲಿಲ್ಲ. ವೈದ್ಯೆ ಬರೆದದ್ದು ‘ಸೌಮ್ಯ’.

ಜಡ್ಡು ಎಂಬ ಮಾತಿನ ನಮ್ಮ ಅರ್ಥವೂ ಆ ಬಾಗಲಕೋಟೆಯವಳ ಅರ್ಥವೂ ಒಂದೇ ಗಾಜಿನ ಪಟ್ಟಿಯ ಮೇಲಿದ್ದವು. ಮೇಲ್ಗಡೆ ಹೊಂದಿಕೊಂಡ ಕೋಶಗಳು, ಕೆಳಗಡೆ ಹೊಂದಿಕೊಳ್ಳುವ ಅವಸರದಲ್ಲಿ ನಕಲು ತಪ್ಪತೊಡಗಿದವು. ನಡುವೆ ಗೆರೆ ಎಳೆಯಿರಿ ಎಂದರೆ ನನ್ನಿಂದಾಗದು.

ಎರಡನೆಯ ಸಲ ಮಾವನನ್ನು ಕರೆದುಕೊಂಡು ಹೋಗಿ ವೈದ್ಯರ ಮಾತು ಕೇಳಿಸಿ ವಾಪಸು ಬರುವಾಗ, ಕುಶಾಲನಗರ ದಾಟಿದ ಮೇಲೆ ಅವರು ಬಾಯಿಬಿಟ್ಟರು. ಕಾಯಿಲೆಯ ಬಗ್ಗೆ ಅಲ್ಲ, ಹಿಂದಿನ ವಾರ ತೋಟಕ್ಕೆ ನುಗ್ಗಿ ಬಾಳೆಯನ್ನೆಲ್ಲ ಮುರಿದ ಆನೆಗಳ ಬಗ್ಗೆ. ಸಿಕ್ಕಿತು ಸಂದರ್ಭ ಎಂದು ನಾನು ಆನೆಯ ಕಥೆ ಹೇಳಿದೆ. ಡಿಎನ್‌ಎ ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ, ರಿಪೇರಿಯಾಗದಿದ್ದರೆ ಸಾಯಿಸುವ ಪಿ53 ಎಂಬ ಪ್ರೋಟೀನ್ ಇದೆ. ಅದರ ಜೀನು ಮನುಷ್ಯನ ಪ್ರತಿ ಕೋಶದಲ್ಲಿ ಎರಡು ಪ್ರತಿ, ಅಪ್ಪನದೊಂದು, ಅವ್ವನದೊಂದು. ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಕೆಟ್ಟಿರುವುದು ಈ ಜೀನೇ. ಅಷ್ಟು ದೊಡ್ಡ ಮೈ, ಅಷ್ಟೊಂದು ಕೋಶ, ಅಷ್ಟು ದೀರ್ಘ ಆಯುಸ್ಸು ಇದ್ದರೂ ಆನೆಗೆ ಕ್ಯಾನ್ಸರ್ ಅಪರೂಪ ಏಕೆ ಎಂದು ಹುಡುಕಿದವರಿಗೆ 2015ರಲ್ಲಿ ಸಿಕ್ಕಿದ್ದು, ಆಫ್ರಿಕಾದ ಆನೆಯಲ್ಲಿ ಈ ಜೀನಿನ 40 ಪ್ರತಿ, ನಮ್ಮ ಏಷ್ಯಾದ ಆನೆಯಲ್ಲಿ 30ರಿಂದ 40. ಆನೆಯ ಕೋಶಕ್ಕೆ ಸ್ವಲ್ಪ ಏಟು ಬಿದ್ದರೂ ರಿಪೇರಿಯ ಗೋಜಿಗೆ ಹೋಗದೆ ಸತ್ತುಬಿಡುತ್ತದೆ.

ಮಾವ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. “ಆನೆಯೊಳಗೆ ನಲವತ್ತು ಕಾವಲು. ನನ್ನ ಬಾಳೆಗೆ ಒಂದು ಬೇಲಿ ಇಲ್ಲ.”

ಕೋಶ ಹೀಗೆ ತಾನಾಗಿ ಸಾಯುವುದಕ್ಕೆ 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಎಲೆ ಉದುರುವುದಕ್ಕೆ ಇರುವ ಮಾತು. ನಮ್ಮ ಹಾಲುವಾಣದ ಎಲೆ ಬೀಳುವುದನ್ನು ನೋಡಿದವರಿಗೆ ವಿವರಣೆ ಬೇಡ. ಯಾರೂ ಕೀಳುವುದಿಲ್ಲ, ತೊಟ್ಟೇ ಬಿಟ್ಟುಕೊಡುತ್ತದೆ. ಗರ್ಭದಲ್ಲಿ ನಮ್ಮ ಕೈ ಮೊದಲು ಬಾತುಕೋಳಿಯ ಪಾದದಂತಿರುತ್ತದೆ. ಬೆರಳುಗಳ ನಡುವಿನ ಕೋಶಗಳು ಹೀಗೆ ಉದುರಿದ್ದರಿಂದಲೇ ಮಾವ ಕತ್ತಿ ಹಿಡಿದದ್ದು.

ಹೊಗೆಸೊಪ್ಪನ್ನು ಅಂದೇ ಬಿಟ್ಟರು, ಅದನ್ನು ಒಪ್ಪಬೇಕು. ಅಡಿಕೆಯ ವಿಷಯದಲ್ಲಿ ಚೌಕಾಸಿ ನಡೆಯಿತು. ಹೊಗೆಸೊಪ್ಪಿಲ್ಲದ ಬರಿ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ ಎಂದು ಹೇಳಿದರೆ, “ದೇವರಿಗೆ ಇಡುವುದು ಮತ್ತೇನು?” ಎಂದರು. ದೇವರಿಗೆ ಇಡಿ, ನೀವು ತಿನ್ನಬೇಡಿ ಎಂದು ಅತ್ತೆ ತೀರ್ಪು ಕೊಟ್ಟರು. ಈಗ ಬಾಯಿಗೆ ಏಲಕ್ಕಿ.

ಏಪ್ರಿಲ್‌ನಲ್ಲಿ ಒಮ್ಮೆ, ಈ ಜುಲೈ ಮಳೆಯಲ್ಲಿ ಒಮ್ಮೆ ತೋರಿಸಿ ಬಂದೆವು. ಮಚ್ಚೆ ಹಿಂಭಾಗದಲ್ಲಿ ತೆಳುವಾಗಿದೆ, ಮುಂಭಾಗದಲ್ಲಿ ಹಾಗೆಯೇ ಇದೆ. ಮಂಡಿನೋವಿನಿಂದ ಮಾವ ಈ ವರ್ಷ ಏಣಿ ಹತ್ತಿಲ್ಲ, ಕತ್ತಿಯನ್ನೂ ಮುಟ್ಟಿಲ್ಲ. ಮೊನ್ನೆ ಅಂಗೈ ಚಾಚಿ ತೋರಿಸಿದರು. ಜಡ್ಡು ಪದರ ಪದರವಾಗಿ ಎದ್ದು, ಕೆಳಗೆ ಗುಲಾಬಿ ಚರ್ಮ ಕಾಣುತ್ತಿತ್ತು. “ನೋಡು, ಗುಮಾಸ್ತನ ಕೈ ಆಯಿತು” ಎಂದು ನಾಚಿಕೊಂಡರು. ಕೆನ್ನೆಯೂ ಹೀಗೇ ಆಗಲಿ ಎಂದೆ.

ನಿನ್ನೆ ಅತ್ತೆಯ ಫೋನ್. ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಎರಡು ಅಡಿಕೆ ಹೋಳು ಸಿಕ್ಕಿವೆಯಂತೆ. ದೇವರಿಗೆ ಇಡಲು ತಂದದ್ದು ಎಂದು ಮಾವನ ವಾದ. ಮುಂದಿನ ತಪಾಸಣೆ ಅಕ್ಟೋಬರ್‌ನಲ್ಲಿ, ತುಲಾ ಸಂಕ್ರಮಣ ಕಳೆದ ವಾರಕ್ಕೆ.