ಗುಡಿ, ಮಠ, ಬಸದಿ, ಗದ್ದುಗೆ: ಗದಗಿನಿಂದ ಶಿಶುನಾಳದವರೆಗೆ

ಹುಬ್ಬಳ್ಳಿಯಿಂದ ನಸುಕಿನಲ್ಲೇ ಹೊರಟರೆ ಗದಗ, ಲಕ್ಕುಂಡಿ, ಲಕ್ಷ್ಮೇಶ್ವರ ನೋಡಿಕೊಂಡು ಸಂಜೆ ಹೊತ್ತಿಗೆ ಶಿಶುನಾಳ ಮುಟ್ಟಬಹುದು. ಓಡಾಟ ಸ್ವಲ್ಪ ಜಾಸ್ತಿ, ಆದರೂ ಆಗುತ್ತದೆ. ಜೊತೆಗೆ ನಮ್ಮ ದೊಡ್ಡವ್ವ ಇದ್ದಳು. ಎಲ್ಲದಕ್ಕೂ ಸುಮ್ನೆ ದೇವಸ್ಥಾನ ಅಂದುಬಿಟ್ಟರೆ ಅವಳಿಗೆ ಸಮಾಧಾನ ಇಲ್ಲ. "ಗುಡಿಯಾಗ ದೇವರು ಇರ್ತಾನ, ಮಠದಾಗ ಅಜ್ಜಾರು ಇರ್ತಾರ, ಎರಡೂ ಒಂದ ಹೆಂಗಾಕ್ಕಾವು?" ಅಂತ ಅಣ್ಣಿಗೇರಿ ದಾಟುವ ಮೊದಲೇ ಶುರು ಮಾಡಿದ್ದಳು. ಅವಳು ಹೇಳಿದ್ದು ನಿಜ ಅಂತ ದಿನವಿಡೀ ಕಣ್ಣಿಗೆ ಬೀಳುತ್ತಲೇ ಹೋಯಿತು.

ಗದಗಿನಲ್ಲಿ ಮೊದಲು ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗ, ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಪೂಜೆ. ಅದೇ ಆವರಣದಲ್ಲಿ ಸರಸ್ವತಿ ಗುಡಿ. ಮೂರ್ತಿ ಭಗ್ನವಾಗಿದೆ, ಆದರೆ ಆ ಕಂಬಗಳ ಮುಂದೆ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬಕ್ಕೆ ಕೈಮುಗಿದೆವು. ಒದ್ದೆ ಬಟ್ಟೆಯಲ್ಲಿ ಆ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವವರೆಗೆ ಭಾರತ ಬರೆಯುತ್ತಿದ್ದ ಅಂತ ಊರವರ ನಂಬಿಕೆ.

ಅಲ್ಲಿಂದ ವೀರೇಶ್ವರ ಪುಣ್ಯಾಶ್ರಮ. ಇದು ಗುಡಿಯೂ ಅಲ್ಲ, ಪೂರ್ತಿ ಮಠವೂ ಅಲ್ಲ. ಕಣ್ಣು ಕಾಣದ ಮಕ್ಕಳು ಇಲ್ಲೇ ಉಂಡು, ಇಲ್ಲೇ ಮಲಗಿ ಸಂಗೀತ ಕಲಿಯುತ್ತಾರೆ. ಪಂಚಾಕ್ಷರಿ ಗವಾಯಿಗಳು ಹಾಕಿಕೊಟ್ಟ ದಾರಿ ಅದು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾದರು, ಅವರ ಗದ್ದುಗೆ ಅಲ್ಲೇ ಇದೆ. ಗದ್ದುಗೆಯ ಮುಂದೆ ದೊಡ್ಡವ್ವ ಏನನ್ನೂ ಬೇಡಿಕೊಳ್ಳಲಿಲ್ಲ, ಮನೆಯ ಹಿರಿಯರಿಗೆ ವರದಿ ಒಪ್ಪಿಸುವ ಹಾಗೆ ಮನೆಯವರ ಆರೋಗ್ಯ, ಮೊಮ್ಮಗಳ ಪರೀಕ್ಷೆ ಎಲ್ಲ ಹೇಳಿ ಎದ್ದಳು.

ಲಕ್ಕುಂಡಿ ಹತ್ತಿರವೇ, ಹನ್ನೊಂದು-ಹನ್ನೆರಡು ಕಿಲೋಮೀಟರ್. ಮೊಬೈಲಿನ ಮ್ಯಾಪು ಜೈನ್ ಟೆಂಪಲ್ ಅನ್ನುತ್ತದೆ. ನನಗಂತೂ ಅದು ಸಪ್ಪೆ ಅನಿಸುತ್ತದೆ. ಬಸದಿ ಅನ್ನುವ ಚಂದದ ಮಾತು ನಮ್ಮಲ್ಲೇ ಇದೆ, ಅಲ್ವಾ? ಬ್ರಹ್ಮ ಜಿನಾಲಯವನ್ನು ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಹೆಣ್ಣುಮಗಳು ಅವಳು, ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ, ಅಷ್ಟೂ ಓಲೆಗರಿಯ ಮೇಲೆ, ಕೈಬರಹದಲ್ಲಿ! ಒಳಗೆ ಅಷ್ಟು ಬೆಳಕಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ನಾಲ್ಕು ಮುಖದ ಬ್ರಹ್ಮ ಕಾಣುತ್ತಾನೆ, ಇನ್ನೊಂದು ಕಡೆ ಪದ್ಮಾವತಿ. ಬಸದಿಯಲ್ಲಿ ಬ್ರಹ್ಮನೇ ಅಂತ ದೊಡ್ಡವ್ವ ಹುಬ್ಬೇರಿಸಿದಳು. ಜೈನರಿಗೂ ಬ್ರಹ್ಮ ಯಕ್ಷ ಇದ್ದಾನೆ ಅಂದೆ. ಕಾಶಿವಿಶ್ವೇಶ್ವರನ ಗುಡಿಯಲ್ಲಿ ಶಿವನ ಎದುರಿಗೇ ಸೂರ್ಯನಿಗೂ ಒಂದು ಪುಟ್ಟ ಗುಡಿ. ಬಾಗಿಲವಾಡದ ಕೆತ್ತನೆಯನ್ನು ತೀರಾ ಹತ್ತಿರ ಹೋಗಿ ನೋಡಿ, ಬೆರಳು ತೂರದಷ್ಟು ಸಣ್ಣ ಸಂದಿಯಲ್ಲೂ ಉಳಿ ಆಡಿದೆ.

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ಮೂರೂ ಒಂದೇ ಊರಲ್ಲಿ. ಮಸೀದಿಗೆ ನಮ್ಮ ಕಡೆ ಹಳಬರು ಮಸೂತಿ ಅನ್ನುತ್ತಾರೆ. ಸೋಮೇಶ್ವರ ಇಲ್ಲಿ ಬರೀ ಲಿಂಗವಲ್ಲ, ಪಾರ್ವತಿ ಜೊತೆ ನಂದಿ ಏರಿ ಕೂತ ಶಿವ. ಶಂಖ ಬಸದಿಯ ಸಹಸ್ರಕೂಟದಲ್ಲಿ ಒಂದೇ ಕಲ್ಲಿನ ಮೇಲೆ ಸಾಲು ಸಾಲು ಪುಟ್ಟ ಜಿನಬಿಂಬಗಳು. ಎಣಿಸಲು ಹೋಗಿ ಎರಡನೇ ಸಾಲಿಗೇ ಬಿಟ್ಟೆ.

ಶಿಶುನಾಳ ಹಾವೇರಿ ಜಿಲ್ಲೆಗೆ ಬರುತ್ತದೆ. ಶರೀಫಜ್ಜ (1819–1889) ಹುಟ್ಟಿದ್ದು ಹುಲಗೂರಿನ ದರ್ಗಾದ ಹರಕೆಯಿಂದ ಅನ್ನುತ್ತಾರೆ, ಗುರು ಕಳಸದ ಗೋವಿಂದ ಭಟ್ಟರು. ಶರೀಫಜ್ಜನ ಗದ್ದುಗೆಗೆ ಕಾಯಿ ಒಡೆಯುವವರೂ ಬರುತ್ತಾರೆ, ಫಾತೆಹಾ ಓದುವವರೂ ಬರುತ್ತಾರೆ. ದರ್ಗಾ ಅನ್ನೋದಾ, ಮಠ ಅನ್ನೋದಾ ಅಂತ ದೊಡ್ಡವ್ವನನ್ನು ಕೇಳಿದೆ. "ಗದ್ದಿಗಿ ಅನ್ನು, ಸಾಕು" ಅಂದಳು. ಸಕ್ಕರೆ ಓದಿಸಿಕೊಂಡು ಬಂದೆವು.

ಡಂಬಳಕ್ಕೆ ಹೊತ್ತು ಸಾಲಲಿಲ್ಲ. ಅಲ್ಲಿನ 1095ರ ಶಾಸನದಲ್ಲಿ ಬೌದ್ಧ ವಿಹಾರದ ಮಾತು, ತಾರಾದೇವಿಯ ಸ್ತುತಿ ಇದೆ. ಅಂದರೆ ಈ ಸೀಮೆಯಲ್ಲಿ ವಿಹಾರವೂ ಇತ್ತು. ನಕ್ಷತ್ರದಾಕಾರದ ದೊಡ್ಡಬಸಪ್ಪನ ಗುಡಿಯೂ ಅಲ್ಲೇ. ಮಳೆಗಾಲ ಮುಗಿದ ಮೇಲೆ ಹೋಗೋಣ ಅಂತ ದೊಡ್ಡವ್ವ ಈಗಲೇ ಗಂಟು ಬಿದ್ದಿದ್ದಾಳೆ.