ಮೊಬೈಲಿನಲ್ಲಿ ವಿ.ಆರ್. ವರದಿ: ವರ್ತೂರು ಕೋಡಿಯ ನೊರೆ, ಎರಡನೆಯ ಆವೃತ್ತಿಯ ಪ್ರಗತಿ

ಮಳೆಗಾಲದಲ್ಲಿ ಬೆಂಗಳೂರಿನ ವರ್ತೂರು ಕೆರೆಯ ಕೋಡಿಯಲ್ಲಿ ಏಳುವ ನೊರೆಯ ಬಗ್ಗೆ ನಾವು ಕೆಲವು ಗೆಳೆಯರು ಸೇರಿ ಮಾಡುತ್ತಿರುವ 360 ಡಿಗ್ರಿ ವಿ.ಆರ್. (ವರ್ಚುವಲ್ ರಿಯಾಲಿಟಿ) ವರದಿಯ, ಅಂದರೆ ನೋಡುಗರು ಸ್ಥಳದಲ್ಲೇ ನಿಂತಂತೆ ಸುತ್ತಲೂ ತಿರುಗಿ ನೋಡಬಹುದಾದ ವಿಡಿಯೊ ವರದಿಯ, ಎರಡನೆಯ ಆವೃತ್ತಿ ಸಿದ್ಧವಾಗಿದೆ. ಯಾವ ಸಂಸ್ಥೆಯ ಬೆಂಬಲವೂ ಇಲ್ಲದೆ, ರಜೆಯ ದಿನಗಳಲ್ಲಿ, ನಮ್ಮದೇ ಆಸಕ್ತಿಯಿಂದ ನಡೆಯುತ್ತಿರುವ ಕೆಲಸವಿದು. ತಲೆಗೆ ಕಟ್ಟಿಕೊಂಡು ನೋಡುವ ದುಬಾರಿ ಹೆಡ್‌ಸೆಟ್ ಇರುವವರು ಬೆಂಗಳೂರಿನಲ್ಲೂ ಕಡಿಮೆ. ಆದ್ದರಿಂದ ಸಾಮಾನ್ಯ ಮೊಬೈಲಿನಲ್ಲಿ ನೋಡುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ವರದಿಯನ್ನು ಕಟ್ಟಬೇಕೆಂದು ಆರಂಭದಲ್ಲಿಯೇ ನಿಶ್ಚಯಿಸಿದ್ದೆವು. ಮೊದಲ ಆವೃತ್ತಿಯನ್ನು ನೋಡಿದವರಿಗೆ ಏನು ಕಂಡಿತು, ಏನು ಕೇಳಿಸಿತು, ಯಾವುದು ಅವರನ್ನು ತಲುಪಲೇ ಇಲ್ಲ, ಅದರಿಂದಾಗಿ ಎರಡನೆಯ ಆವೃತ್ತಿಯಲ್ಲಿ ಏನೇನು ಬದಲಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗೂಗಲ್ 2014ರಲ್ಲಿ ಕಾರ್ಡ್‌ಬೋರ್ಡ್ ಎಂಬ, ಮೊಬೈಲನ್ನು ಒಳಗಿಟ್ಟು ಮಸೂರಗಳ ಮೂಲಕ ನೋಡುವ ರಟ್ಟಿನ ವೀಕ್ಷಕವನ್ನು ಹೊರತಂದಿತು. 2015ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಚಂದಾದಾರರ ಮನೆಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ರಟ್ಟಿನ ವೀಕ್ಷಕಗಳನ್ನು ಕಳುಹಿಸಿ, ಯುದ್ಧದಿಂದ ನೆಲೆ ತಪ್ಪಿದ ಮೂವರು ಮಕ್ಕಳ ಕುರಿತ ಚಿತ್ರದೊಂದಿಗೆ ವಿ.ಆರ್. ಪತ್ರಿಕೋದ್ಯಮವನ್ನು ಜನಸಾಮಾನ್ಯರ ಕೈಗೆ ತಂದಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಆ ಉತ್ಸಾಹ ತಗ್ಗಿತು. 2021ರಲ್ಲಿ ಗೂಗಲ್ ಕಾರ್ಡ್‌ಬೋರ್ಡ್ ಮಾರಾಟವನ್ನೂ ನಿಲ್ಲಿಸಿತು. ಆದರೂ 360 ಡಿಗ್ರಿ ಕ್ಯಾಮೆರಾಗಳು ಅಗ್ಗವಾದವು, ಮೊಬೈಲುಗಳ ಪರದೆ ಉತ್ತಮಗೊಂಡಿತು, ರಟ್ಟಿನ ವೀಕ್ಷಕದ ವಿನ್ಯಾಸ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿದೆ. ದೊಡ್ಡ ಸಂಸ್ಥೆಗಳು ಬಿಟ್ಟುಹೋದ ಜಾಗದಲ್ಲಿ ನಮ್ಮಂಥವರು ಕೆಲಸ ಮುಂದುವರಿಸಲು ಇಷ್ಟು ಸಾಕು ಎಂದು ನಾನು ನಂಬಿದ್ದೇನೆ.

ಮೊದಲ ಆವೃತ್ತಿಯನ್ನು ವರ್ತೂರಿನ ನಿವಾಸಿಗಳಿಗೆ, ಜಯನಗರದ ಉದ್ಯಾನದಲ್ಲಿ ಬೆಳಗ್ಗೆ ನಡೆಯಲು ಬರುವ ಹಿರಿಯರಿಗೆ ಮತ್ತು ಕೆಲವು ಪದವಿ ವಿದ್ಯಾರ್ಥಿಗಳಿಗೆ ತೋರಿಸಿದೆವು. ಮೊದಲು ಎದುರಾದದ್ದು ಯಂತ್ರದ ಮಿತಿ. ತಲೆ ತಿರುಗಿಸಿದತ್ತ ದೃಶ್ಯವೂ ತಿರುಗಬೇಕಾದರೆ ಮೊಬೈಲಿನಲ್ಲಿ ಜೈರೊಸ್ಕೋಪ್, ಅಂದರೆ ತಿರುವನ್ನು ಗ್ರಹಿಸುವ ಸಂವೇದಕ, ಇರಬೇಕು. ಕಡಿಮೆ ಬೆಲೆಯ ಅನೇಕ ಮೊಬೈಲುಗಳಲ್ಲಿ ಅದು ಇರುವುದಿಲ್ಲ. ಕನ್ನಡಕ ಹಾಕಿದವರಿಗೆ ರಟ್ಟಿನ ಅಂಚು ಒತ್ತುತ್ತದೆ, ಕನ್ನಡಕ ತೆಗೆದರೆ ಚಿತ್ರ ಮಸುಕಾಗುತ್ತದೆ. ಎರಡೂ ಕೈಗಳಿಂದ ವೀಕ್ಷಕವನ್ನು ಮುಖಕ್ಕೆ ಹಿಡಿದುಕೊಂಡೇ ಇರಬೇಕಾದ್ದರಿಂದ ಹಿರಿಯರ ತೋಳು ಬೇಗ ಸೋಲುತ್ತಿತ್ತು. ನೋಡುತ್ತಿರುವಾಗಲೇ ಕರೆ ಬಂದರೆ ಕೆರೆಯ ನಡುವೆ ಹೆಸರೊಂದು ತೇಲುತ್ತಿತ್ತು.

ಚಿತ್ರದ ಸ್ಪಷ್ಟತೆಯ ಬಗ್ಗೆ ಬಂದ ದೂರನ್ನು ಮಾತ್ರ ಸ್ವಲ್ಪ ವಿವರಿಸಬೇಕು. ನಮ್ಮ ವಿಡಿಯೊ 4ಕೆ ಗುಣಮಟ್ಟದ್ದು, ಅಂದರೆ ಅಡ್ಡಲಾಗಿ 3840 ಪಿಕ್ಸೆಲ್‌ಗಳು. ಆದರೆ ಆ 3840 ಪಿಕ್ಸೆಲ್‌ಗಳು ಸುತ್ತಲಿನ 360 ಡಿಗ್ರಿಗೂ ಹಂಚಿಹೋಗುತ್ತವೆ. ವೀಕ್ಷಕದೊಳಗೆ ಒಮ್ಮೆಗೆ ಕಾಣುವುದು ಸುಮಾರು 90 ಡಿಗ್ರಿ. ಹಾಗಾಗಿ ನೋಡುಗನ ಕಣ್ಣಿಗೆ ದಕ್ಕುವುದು ಸುಮಾರು 960 ಪಿಕ್ಸೆಲ್ ಮಾತ್ರ. ಅದನ್ನೂ ಮಸೂರ ಹಿಗ್ಗಿಸಿ ತೋರಿಸುತ್ತದೆ. "4ಕೆ ಅಂತೀರಿ, ಹಳೇ ಟಿ.ವಿ. ಥರ ಕಾಣ್ತಿದೆಯಲ್ಲ ಸರ್" ಎಂದು ವಿದ್ಯಾರ್ಥಿಯೊಬ್ಬ ಹೇಳಿದ್ದು ನಿಜಕ್ಕೂ ಸರಿಯಾಗಿತ್ತು.

ಇದರ ನೇರ ಪರಿಣಾಮ ಕನ್ನಡ ಉಪಶೀರ್ಷಿಕೆಗಳ ಮೇಲಾಯಿತು. 960 ಪಿಕ್ಸೆಲ್ ಅಗಲದಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಕೂಡಿಕೊಂಡು ಕಲೆಯಂತೆ ಕಾಣುತ್ತವೆ. "ತ್ಯಾಜ್ಯ", "ಸಂಸ್ಕರಣೆ" ಮುಂತಾದ ಪದಗಳನ್ನು ಓದಲು ಹಲವರು ತಿಣುಕಿದರು. ಇಂಗ್ಲಿಷಿಗೆ ಸಾಲುವ ಅಕ್ಷರದ ಗಾತ್ರ ಕನ್ನಡಕ್ಕೆ ಸಾಲದು. ಎರಡನೆಯ ಆವೃತ್ತಿಯಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿ, ಸಾಲಿಗೆ ಮೂರು ನಾಲ್ಕು ಪದಗಳಿಗೆ ಮಿತಿಗೊಳಿಸಿ, ಒಂದೇ ಉಪಶೀರ್ಷಿಕೆಯನ್ನು 120 ಡಿಗ್ರಿಗೆ ಒಂದರಂತೆ ಮೂರು ಕಡೆ ಇಟ್ಟಿದ್ದೇವೆ. ಹೀಗೆ ಮಾಡಿದ್ದರಿಂದ ಯಾವ ಕಡೆ ತಿರುಗಿ ನಿಂತವರೂ ತಲೆಯನ್ನು ಸ್ವಲ್ಪ ಹೊರಳಿಸಿದರೆ ಉಪಶೀರ್ಷಿಕೆಯನ್ನು ಓದಬಹುದು.

ರಟ್ಟಿನ ವೀಕ್ಷಕವಿಲ್ಲದೆ ಮೊಬೈಲನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸುತ್ತಾ ನೋಡಿದವರೇ ಕೊನೆಯವರೆಗೆ ಹೆಚ್ಚಾಗಿ ನೋಡಿದರು. ಇವರಲ್ಲಿ ಬಸ್ಸಿನಲ್ಲಿ ಕುಳಿತು ನೋಡಿದ ಗೆಳತಿಯೊಬ್ಬರು ವಿಚಿತ್ರವಾದ ಸಂಗತಿಯೊಂದನ್ನು ಗಮನಿಸಿದರು. ಬಸ್ಸು ತಿರುವು ತೆಗೆದುಕೊಂಡಾಗಲೆಲ್ಲ ಅವರು ಅಲುಗಾಡದಿದ್ದರೂ ಕೆರೆಯ ದೃಶ್ಯ ತಾನೇ ಪಕ್ಕಕ್ಕೆ ಸರಿಯುತ್ತಿತ್ತು. ಜೈರೊಸ್ಕೋಪಿಗೆ ತಿರುಗಿದ್ದು ನೋಡುಗರೋ ಬಸ್ಸೋ ಎಂಬ ಭೇದ ತಿಳಿಯುವುದಿಲ್ಲ. ವಾಹನದ ತಿರುವನ್ನೂ ಅದು ತಲೆಯ ತಿರುವೆಂದೇ ಲೆಕ್ಕಿಸುತ್ತದೆ. ಜನ ಸುದ್ದಿ ನೋಡುವುದೇ ಬಸ್ಸಿನಲ್ಲಿ, ಮೆಟ್ರೊದಲ್ಲಿ ಎಂದಿರುವಾಗ ಇದನ್ನು ಸಣ್ಣ ವಿಷಯವೆಂದು ಬಿಡಲಾಗದು. ಪ್ರಯಾಣದಲ್ಲಿರುವವರಿಗಾಗಿ ಜೈರೊಸ್ಕೋಪನ್ನು ನಿಲ್ಲಿಸಿ ಬೆರಳಿನಿಂದಷ್ಟೇ ದೃಶ್ಯವನ್ನು ಸರಿಸುವ ಆಯ್ಕೆಯನ್ನು ಈಗ ಆರಂಭದ ಪರದೆಯಲ್ಲಿಯೇ ಕೊಟ್ಟಿದ್ದೇವೆ.

ಇವೆಲ್ಲವೂ ತಿದ್ದಬಹುದಾದ ಸಂಗತಿಗಳು. ನಮ್ಮನ್ನು ಹೆಚ್ಚು ಕಾಲ ಕಾಡಿದ್ದು ಬೇರೆಯೇ. ವರದಿ ನೋಡಿ ಮುಗಿಸಿದ ಪ್ರತಿಯೊಬ್ಬರನ್ನೂ ಈ ನೊರೆ ಎಲ್ಲಿಂದ ಬರುತ್ತದೆ ಎಂದು ಕೇಳುತ್ತಿದ್ದೆವು. ನೊರೆಯ ಗಾತ್ರ, ಗಾಳಿಗೆ ಹಾರುವ ಅದರ ತುಣುಕುಗಳು, ಸೇತುವೆಯ ಬದಿಯ ಎತ್ತರದ ಜಾಲರಿ, ಮೂಗಿಗೆ ಕೈ ಅಡ್ಡ ಹಿಡಿದು ಸಾಗುವ ಬೈಕ್ ಸವಾರರು, ಇವೆಲ್ಲವನ್ನೂ ಅವರು ಕಣ್ಣಾರೆ ಕಂಡವರಂತೆ ವಿವರಿಸುತ್ತಿದ್ದರು. ಕಾರಣ ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದರು. "ಅಲ್ಲಿ ನಿಂತ ಹಾಗೇ ಆಯ್ತು ಕಣಪ್ಪ, ನೀನು ಹಿಂದಿನಿಂದ ಏನು ಹೇಳ್ತಿದ್ದೆ ಅಂತ ಕೇಳಿಸಿಕೊಳ್ಳೋಕೆ ಪುರುಸೊತ್ತೇ ಆಗಲಿಲ್ಲ" ಎಂದರು ನಿವೃತ್ತ ಶಿಕ್ಷಕಿಯೊಬ್ಬರು. ವಿವರಣೆಯ ಧ್ವನಿ ಮೊದಲ ಕ್ಷಣದಿಂದಲೇ ಶುರುವಾಗಿತ್ತು; ಆ ಹೊತ್ತಿನಲ್ಲಿ ನೋಡುಗರು ತಾವು ಎಲ್ಲಿದ್ದೇವೆ ಎಂದು ತಿಳಿಯಲು ಸುತ್ತಲೂ ನೋಡುತ್ತಿದ್ದರು. ಸುತ್ತ ನೋಡುವ ಸ್ವಾತಂತ್ರ್ಯವನ್ನು ಕೊಟ್ಟು ಅದೇ ಕ್ಷಣದಲ್ಲಿ ಪಾಠವನ್ನೂ ಹೇಳಿದರೆ, ಅದು ಗಾಳಿಗೆ ಹೋಗುತ್ತದೆ.

ವಿ.ಆರ್. ಸಹಾನುಭೂತಿಯನ್ನು ಹುಟ್ಟಿಸುವ ಯಂತ್ರವೆಂಬ ಮಾತು 2015ರಿಂದ ಚಾಲ್ತಿಯಲ್ಲಿದೆ. ಪಠ್ಯಕ್ಕೆ ಹೋಲಿಸಿದರೆ 360 ಡಿಗ್ರಿ ವಿಡಿಯೊ ಮತ್ತು ವಿ.ಆರ್. ನೋಡಿದವರಲ್ಲಿ ಸ್ಥಳದಲ್ಲಿದ್ದ ಭಾವವೂ ಸಹಾನುಭೂತಿಯೂ ಹೆಚ್ಚು ಎಂದು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತು. ನಮ್ಮ ನೋಡುಗರಲ್ಲಿಯೂ ಆ ಭಾವಕ್ಕೆ ಕೊರತೆಯಿರಲಿಲ್ಲ. ಆದರೆ ಮರುಕಪಟ್ಟು ಕಾರಣ ತಿಳಿಯದೆ ಎದ್ದುಹೋದರೆ ಅದನ್ನು ವರದಿಯೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ನಾಗರಿಕನಿಗೆ ಯಾರನ್ನು, ಏನೆಂದು ಪ್ರಶ್ನಿಸಬೇಕೆಂಬುದು ತಿಳಿಯಬೇಕು.

ನೊರೆಯ ಕಾರಣ ಕೋಡಿಯಲ್ಲಿ ನಿಂತವರಿಗೆ ಕಾಣುವಂಥದ್ದಲ್ಲ. ಸಂಸ್ಕರಣೆಯಾಗದ ಕೊಳಚೆ ನೀರು, ಅದರೊಂದಿಗೆ ಮನೆಮನೆಯ ಡಿಟರ್ಜೆಂಟು ರಾಜಕಾಲುವೆಗಳ (ನಗರದ ದೊಡ್ಡ ಮಳೆನೀರು ಕಾಲುವೆಗಳ) ಮೂಲಕ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿ ನದಿಗೆ ಹರಿಯುತ್ತದೆ. ಮಳೆ ಬಂದು ನೀರು ಕೋಡಿಯಿಂದ ರಭಸವಾಗಿ ಧುಮುಕಿದಾಗ ಆ ರಾಸಾಯನಿಕಗಳು ಗಾಳಿಯೊಂದಿಗೆ ಕಡೆದುಕೊಂಡು ನೊರೆಯಾಗುತ್ತವೆ. 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ಇಡೀ ದೇಶ ನೋಡಿತು. ಆ ನೀರು ಬಂದ ದಾರಿಯನ್ನು ನೋಡಿದವರು ಕಡಿಮೆ.

ಹಾಗಾಗಿ ಎರಡನೆಯ ಆವೃತ್ತಿಯಲ್ಲಿ ಕಾರಣವನ್ನು ಮಾತಿನಲ್ಲಿ ಹೇಳುವ ಬದಲು ನೋಡುಗರನ್ನೇ ಅಲ್ಲಿಗೆ ಕರೆದೊಯ್ದಿದ್ದೇವೆ. ಮೆಜೆಸ್ಟಿಕ್ ಭಾಗದಿಂದ ಹೊರಟು ಬೆಳ್ಳಂದೂರಿನತ್ತ ಸಾಗುವ ಕೆ-100 ರಾಜಕಾಲುವೆಯ ಪಕ್ಕದಲ್ಲಿ, ಶಾಂತಿನಗರದ ಬಳಿ, ಒಂದು ದೃಶ್ಯ ಶುರುವಾಗುತ್ತದೆ. ಮೊದಲ ಇಪ್ಪತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ. ನೀರಿನ ಸದ್ದು, ಬಸ್ಸುಗಳ ಸದ್ದು ಅಷ್ಟೇ. ನೋಡುಗರು ಒಂದು ಸುತ್ತು ನೋಡಿ ಮುಗಿಸಿದ ಮೇಲೆ ಧ್ವನಿ ಬರುತ್ತದೆ, ಅದೂ ಒಂದು ದೃಶ್ಯಕ್ಕೆ ಎರಡು ಮೂರು ವಾಕ್ಯ. ನಂತರ ಬೆಳ್ಳಂದೂರಿನ ದಂಡೆ, ಕೊನೆಗೆ ಕೋಡಿ. ನೊರೆ ಈಗ ಮೊದಲ ದೃಶ್ಯವಾಗಿರದೆ ಕೊನೆಯ ದೃಶ್ಯವಾಗಿದೆ. ಧ್ವನಿಯ ದಿಕ್ಕಿನಿಂದ ಗಮನ ಸೆಳೆಯುವ ತಂತ್ರವನ್ನು ಬಳಸಿದ್ದೇವಾದರೂ ಅದು ಇಯರ್‌ಫೋನ್ ಇದ್ದರಷ್ಟೇ ಫಲಿಸುತ್ತದೆ. ಸ್ಪೀಕರಿನಲ್ಲಿ ಕೇಳುವವರಿಗೆ ದಿಕ್ಕು ತಿಳಿಯದು.

ಚಿತ್ರೀಕರಣದ ಬಗ್ಗೆ ಎರಡು ಮಾತು. ಕ್ಯಾಮೆರಾವನ್ನು ನಿಂತವರ ಕಣ್ಣಿನ ಎತ್ತರದಲ್ಲಿ ಇಡುತ್ತೇವೆ, ಇಲ್ಲವಾದರೆ ನೋಡುಗರಿಗೆ ತೇಲಿದಂತೆಯೋ ಕುಸಿದಂತೆಯೋ ಅನ್ನಿಸುತ್ತದೆ. ಎರಡು ಮಸೂರಗಳ ಚಿತ್ರ ಕೂಡುವ ಗೆರೆಯ ಮೇಲೆ ಹತ್ತಿರದ ಮುಖಗಳು ಬಂದರೆ ಸೀಳಿದಂತೆ ಕಾಣುವುದರಿಂದ ಮಾತಾಡುವವರನ್ನು ಒಂದೇ ಮಸೂರದ ಎದುರು ನಿಲ್ಲಿಸುತ್ತೇವೆ. ಟ್ರೈಪಾಡನ್ನು ಚಿತ್ರದಿಂದ ಅಳಿಸಿಲ್ಲ. ಸುದ್ದಿಯಲ್ಲಿ ಏನನ್ನಾದರೂ ಅಳಿಸಲು ಆರಂಭಿಸಿದರೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಕಷ್ಟ. ಹಾಗಾಗಿ ಅದರ ಬುಡದಲ್ಲಿ ಸ್ಥಳ ಮತ್ತು ದಿನಾಂಕವನ್ನು ಬರೆದಿದ್ದೇವೆ. ಚೌಕಟ್ಟೇ ಇಲ್ಲದ ಚಿತ್ರದಲ್ಲಿ ಸುತ್ತಲಿನ ಪ್ರತಿಯೊಬ್ಬರೂ ಸೆರೆಯಾಗುತ್ತಾರೆ ಎಂಬುದನ್ನು ಹತ್ತಿರದಲ್ಲಿದ್ದವರಿಗೆ ಮೊದಲೇ ತಿಳಿಸಿ, ಒಪ್ಪದವರು ಸರಿದುಹೋಗಲು ಸಮಯ ಕೊಟ್ಟೆವು. ಕಾಲುವೆಯ ಪಕ್ಕದ ಅಂಗಡಿಯ ಅಕ್ಕ "ನನ್ನ ಅಂಗಡಿ ಬರ್ಲಿ, ನಾನು ಬೇಡ" ಎಂದು ಒಳಗೆ ಹೋದರು; ದೃಶ್ಯದಲ್ಲಿ ಅಂಗಡಿ ಮಾತ್ರ ಇದೆ.

ಹೊಸ ಆವೃತ್ತಿಯನ್ನು ವರ್ತೂರಿನ ಕೆಲವರು ಈಗಾಗಲೇ ನೋಡಿದ್ದಾರೆ. ಕಾರಣ ಕೇಳಿದಾಗ ಈ ಸಲ ಹೆಚ್ಚಿನವರು ಕಾಲುವೆಯಿಂದಲೇ ಮಾತು ಆರಂಭಿಸಿದರು. ಹಿರಿಯರೊಬ್ಬರು ಶಾಂತಿನಗರದ ಕೊಳಚೆಗೆ ವರ್ತೂರಿನವರು ಮೂಗು ಮುಚ್ಚಿಕೊಳ್ಳಬೇಕೇ ಎಂದು ಕೇಳಿದರು. ಜಯನಗರದವರಿಗೆ ಇನ್ನೂ ತೋರಿಸಬೇಕಾಗಿದೆ. ಅವರ ಮನೆಯ ನೀರೂ ಇಂಥದೇ ಕಾಲುವೆಗಳನ್ನು ಸೇರುವುದರಿಂದ ಅವರ ಪ್ರತಿಕ್ರಿಯೆಗೆ ನಾನು ಕಾದಿದ್ದೇನೆ.

ಉಳಿದಿರುವ ದೊಡ್ಡ ತೊಡಕು ಡೇಟಾ. ಸೆಕೆಂಡಿಗೆ 25 ಮೆಗಾಬಿಟ್ ದರದಲ್ಲಿ ಈ ವಿಡಿಯೊ ನಿಮಿಷಕ್ಕೆ ಸುಮಾರು 190 ಮೆಗಾಬೈಟ್ ನುಂಗುತ್ತದೆ. ಐದು ನಿಮಿಷ ನೋಡಿದರೆ ದಿನಕ್ಕೆ ಒಂದೂವರೆ ಜಿ.ಬಿ. ಸಿಗುವವರ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗುತ್ತದೆ. ದೃಶ್ಯಗಳನ್ನು ಬಿಡಿಬಿಡಿ ಕಡತಗಳಾಗಿ ಒಡೆದು, ಬೇಕಾದ್ದನ್ನು ಮಾತ್ರ ಇಳಿಸಿಕೊಳ್ಳುವ ವ್ಯವಸ್ಥೆಯನ್ನು ಮತ್ತು ಜೈರೊಸ್ಕೋಪ್ ಇಲ್ಲದ ಮೊಬೈಲುಗಳಿಗಾಗಿ ಸಾಮಾನ್ಯ ಚೌಕಟ್ಟಿನ ಚಿಕ್ಕ ಆವೃತ್ತಿಯೊಂದನ್ನು ಈಗ ಸಿದ್ಧಪಡಿಸುತ್ತಿದ್ದೇವೆ.