ಜನರೇಟರಿನ ಮಸಿಗೆ ಪ್ಲಾಸ್ಮಾ

ಯಶವಂತಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋದೊಡನೆ ಡೀಸೆಲ್ ಜನರೇಟರ್ ಚಾಲೂ ಆಗುತ್ತದೆ. ಅದರ ಹೊಗೆಕೊಳವೆಯ ಬಾಯಿ ಇರುವುದು ನಾವು ಬಟ್ಟೆ ಒಣಹಾಕುವ ತಾರಸಿಯ ಪಕ್ಕದಲ್ಲಿ. ಬಿಳಿ ಪಂಚೆಯ ಮೇಲೆ ಕುಳಿತ ಮಸಿಯನ್ನು ಬೆರಳಿನಿಂದ ಒರೆಸಿದರೆ ಅದು ಉದುರುವುದಿಲ್ಲ, ಜಿಡ್ಡಿನಂತೆ ಹರಡಿಕೊಳ್ಳುತ್ತದೆ. ಇಂಗಾಲದ ಕಣಗಳಿಗೆ ಪೂರ್ತಿ ಉರಿಯದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವವು ಕಣ್ಣಿಗೆ ಕಾಣದ, 1 ಮೈಕ್ರಾನಿಗಿಂತಲೂ ಚಿಕ್ಕ ಕಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಖಚಿತವಾಗಿ ಕ್ಯಾನ್ಸರ್‌ಕಾರಕವಾದವುಗಳ ಮೊದಲ ಗುಂಪಿಗೆ ಸೇರಿಸಿತು.

2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಡೀಸೆಲ್ ಬಸ್ಸು, ಲಾರಿಗಳ ಹೊಗೆ ಸೆರಾಮಿಕ್ ಫಿಲ್ಟರ್ ಹಾದು ಹೊರಬರುತ್ತದೆ. ಫಿಲ್ಟರಿನಲ್ಲಿ ಸೇರಿದ ಮಸಿಯನ್ನು ಆಗಾಗ ಸುಡದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಬರಿಯ ಆಮ್ಲಜನಕದಲ್ಲಿ ಮಸಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಲಿಫ್ಟು ಮತ್ತು ಕಾರಿಡಾರಿನ ದೀಪಗಳಷ್ಟೇ ಲೋಡ್ ಇರುವ ಜನರೇಟರಿನ ಹೊಗೆ ಅಷ್ಟು ಬಿಸಿಯಾಗುವುದೇ ಇಲ್ಲ.

ಪ್ಲಾಸ್ಮಾದ ಬಗ್ಗೆ, ಅಂದರೆ ಎಲೆಕ್ಟ್ರಾನುಗಳು ಬಿಡಿಯಾಗಿ ವಿದ್ಯುತ್ ಹರಿಯುವಂತಾದ ಅನಿಲದ ಬಗ್ಗೆ, ನನಗೆ ಆಸಕ್ತಿ ಹುಟ್ಟಿದ್ದು ಈ ಕಾರಣದಿಂದ. ಎರಡು ಎಲೆಕ್ಟ್ರೋಡುಗಳ ನಡುವೆ ಗಾಜನ್ನೋ ಸೆರಾಮಿಕ್ಕನ್ನೋ ಇಟ್ಟು, ಉಳಿದ ಸಂದಿಯಲ್ಲಿ ಹೊಗೆಯನ್ನು ಹಾಯಿಸಿ ಸಾವಿರಾರು ವೋಲ್ಟ್ ಕೊಟ್ಟರೆ, ಆ ತಡೆಯಿಂದಾಗಿ ವಿದ್ಯುತ್ತು ದೊಡ್ಡ ಕಿಡಿಯಾಗದೆ ಸಣ್ಣ ಸಣ್ಣ ಎಳೆಗಳಾಗಿ ಹರಡುತ್ತದೆ. ಆಗ ಎಲೆಕ್ಟ್ರಾನುಗಳು ಅಪಾರ ಶಕ್ತಿ ಪಡೆದರೂ ಅನಿಲ ಹೆಚ್ಚು ಬಿಸಿಯೇರುವುದಿಲ್ಲ. 1857ರಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸೀಮೆನ್ಸ್ ಓಝೋನ್ ತಯಾರಿಸಿದ್ದು ಇದೇ ಉಪಾಯದಿಂದ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಇಲ್ಲಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಅದು 300 ಡಿಗ್ರಿಯ ಆಸುಪಾಸಿನಲ್ಲೇ ಮಸಿಯನ್ನು ಸುಡಬಲ್ಲದು.

ಆದರೆ ಒಂದು ವಿಷಯದಲ್ಲಿ ಎಚ್ಚರ ಬೇಕು. ಇದೇ ವಿದ್ಯುತ್ ಕ್ಷೇತ್ರದಲ್ಲಿ ಕಣಗಳು ವಿದ್ಯುದಾವೇಶ ಪಡೆದು ಗೋಡೆಗೆ ಅಂಟುವುದರಿಂದ, ಕೊಳವೆಯ ಬಾಯಲ್ಲಿ ಮಸಿ ಕಡಿಮೆಯಾದ ಮಾತ್ರಕ್ಕೆ ಅದು ಸುಟ್ಟುಹೋಯಿತು ಎನ್ನಲಾಗದು. ಅಂಟಿದ್ದು ಲೋಡ್ ಏರಿದಾಗ ಹೆಪ್ಪುಹೆಪ್ಪಾಗಿ ಕಿತ್ತು ಹೊರಬೀಳಬಹುದು. ಮಸಿ ವಿದ್ಯುತ್ ವಾಹಕವಾದ್ದರಿಂದ ಗೋಡೆಯ ಮೇಲೆ ಅದರ ಪದರ ಬೆಳೆದಂತೆ ಪ್ಲಾಸ್ಮಾವೂ ಕೆಡುತ್ತದೆ. ಆದ್ದರಿಂದ ಯಾರಾದರೂ ಫಲಿತಾಂಶ ತೋರಿಸಿದರೆ ನಾನು ಮೊದಲು ಕೇಳುವುದು ಇಂಗಾಲದ ಲೆಕ್ಕ: ಕಾಣೆಯಾದ ಮಸಿಯಲ್ಲಿ ಎಷ್ಟು ಪಾಲು ಇಂಗಾಲದ ಆಕ್ಸೈಡುಗಳಾಗಿ ಹೊರಬಂದಿದೆ? ಉಳಿದ ನೈಟ್ರೋಜನ್ ಡೈಆಕ್ಸೈಡ್ ಸ್ವತಃ ವಿಷ. ಅದನ್ನು ಹಿಡಿಯಲು ಮುಂದೆ ವೇಗವರ್ಧಕವೊಂದು ಇರಲೇಬೇಕು.

ನಮ್ಮ ಮನೆಗೆ ಹತ್ತಿರವೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡೀಸೆಲ್ ಹೊಗೆಯ ಪ್ಲಾಸ್ಮಾ ಸಂಸ್ಕರಣೆಯ ಮೇಲೆ ವರ್ಷಗಳಿಂದ ಸಂಶೋಧನೆ ನಡೆದಿದೆ. ಬಸ್ಸಿಗಿಂತ ಮೊದಲು ಇದು ಜನರೇಟರಿಗೆ ಬರಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಜಾಗದ ಕೊರತೆಯಿಲ್ಲ, ತೂಕದ ಚಿಂತೆಯಿಲ್ಲ, ಬೇಕಾದ ವಿದ್ಯುತ್ತನ್ನು ಯಂತ್ರ ತಾನೇ ಉತ್ಪಾದಿಸುತ್ತದೆ. ಸದ್ಯಕ್ಕೆ, ಹೊಗೆಕೊಳವೆಯನ್ನು ತಾರಸಿಗಿಂತ ಸಾಕಷ್ಟು ಎತ್ತರಕ್ಕೆ ಒಯ್ಯಬೇಕೆಂದು ನಿವಾಸಿಗಳ ಸಂಘಕ್ಕೆ ಪತ್ರ ಕೊಟ್ಟಿದ್ದೇನೆ.